ಬಂಡೆಯ ಬಿರುಕು, ಗಣಕಯಂತ್ರದ ಲೆಕ್ಕ ಮತ್ತು ನಮ್ಮ ಅಳತೆಯ ಹಗ್ಗ



ಕಳೆದ ಆಡಳಿತ ಮಂಡಳಿ ಸಭೆಗೆ ಒಂದು ಖಾಸಗಿ ಕಂಪನಿಯ ಪ್ರತಿನಿಧಿಗಳು ಬಂದಿದ್ದ ಸಂಗತಿ ಈಗಾಗಲೇ ಹಲವರ ಕಿವಿಗೆ ಬಿದ್ದಿರಬಹುದು. ಅವರು ಕಚೇರಿಯ ಗೋಡೆಯ ಮೇಲೆ ಒಂದು ಬಣ್ಣದ ಚಿತ್ರ ಮೂಡಿಸಿ ತೋರಿಸಿದರು. ನೆಲದಡಿ ಸಾವಿರ ಅಡಿಯವರೆಗೆ ಬಂಡೆ ಹೇಗಿದೆ, ಬಿರುಕುಗಳು ಯಾವ ದಿಕ್ಕಿಗೆ ಓಡಿವೆ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದೆಲ್ಲ ಅದರಲ್ಲಿದೆ ಎಂದರು. ನೀರಿದ್ದಲ್ಲಿ ನೀಲಿ, ಇಲ್ಲದಲ್ಲಿ ಕೆಂಪು. ಸಂಘ ಹಣ ಕೊಟ್ಟರೆ ನಮ್ಮ ವ್ಯಾಪ್ತಿಯ ಎಲ್ಲ ಗ್ರಾಮಗಳಿಗೂ ಇಂಥ ಚಿತ್ರ ಮಾಡಿಕೊಡುತ್ತಾರಂತೆ. ಸದಸ್ಯರು ಅದನ್ನು ನೋಡಿಕೊಂಡು ಕೊಳವೆಬಾವಿ ಕೊರೆಸಿದರೆ ಸಾಕಂತೆ. ಅವರು ಕೇಳಿದ ಮೊತ್ತ ನಮ್ಮ ಸಂಘದ ಗೊಬ್ಬರದ ವಹಿವಾಟಿನ ಒಂದು ವರ್ಷದ ಲಾಭಕ್ಕಿಂತ ಹೆಚ್ಚು.

ಚಿತ್ರ ಚೆನ್ನಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಮಂಡಳಿಯಲ್ಲಿ ಕೆಲವರು ತಕ್ಷಣ ಒಪ್ಪಿಬಿಡೋಣ ಎಂದರು. ಹಿರಿಯ ನಿರ್ದೇಶಕರೊಬ್ಬರು ಮಾತ್ರ, "ಕಾರ್ಯದರ್ಶಿಗಳೇ, ಹಿಂದೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ಬರ್ತಿದ್ರು. ಅವರು ಆ ಕಾಯಿ, ಐವತ್ತು ರೂಪಾಯಿ ದಕ್ಷಿಣೆ ತಗೊಂಡು ಹೋಗ್ತಿದ್ರು. ಇವರ ಕಾಯಿ ಬಹಳ ದುಬಾರಿ ಆಯ್ತಲ್ಲ" ಎಂದರು. ಎಲ್ಲರೂ ನಕ್ಕರು. ನಾವು ಬಂದವರನ್ನು ಒಂದೇ ಪ್ರಶ್ನೆ ಕೇಳಿದೆವು: "ಈ ಚಿತ್ರ ಬಿಡಿಸುವ ಮುಂಚೆ ನಮ್ಮ ಕಡೆಯ ಎಷ್ಟು ಬಾವಿಗಳಲ್ಲಿ ನೀರಿನ ಮಟ್ಟ ಅಳೆದಿರಿ?" ಉಪಗ್ರಹದ ಚಿತ್ರ, ಗಣಕಯಂತ್ರದ ಶಕ್ತಿ ಎಂದು ಬಹಳ ಹೊತ್ತು ಉತ್ತರ ಬಂತು. ಬಾವಿಗಳ ಸಂಖ್ಯೆ ಮಾತ್ರ ಬರಲಿಲ್ಲ. ಒಂದನ್ನೂ ಅಳೆದಿರಲಿಲ್ಲ.

ವಿಷಯವನ್ನು ಮುಂದಿನ ಮಹಾಸಭೆಗೆ ಇಡಲಾಗಿದೆ. ಕೈ ಎತ್ತುವ ಮುನ್ನ ಸದಸ್ಯರಿಗೆ ನಮ್ಮ ಅಭಿಪ್ರಾಯ ತಿಳಿದಿರಲಿ ಎಂದು ಈ ಬರಹ. ಪದವಿಗೆ ಓದುವಾಗ ಭೂವಿಜ್ಞಾನ ನಮಗೆ ಒಂದು ವಿಷಯವಾಗಿತ್ತು. ಓದಿದ್ದರಲ್ಲಿ ಮುಕ್ಕಾಲು ಪಾಲು ತೋಟದ ಕೆಲಸದಲ್ಲಿ ಮರೆತುಹೋಗಿತ್ತು. ಈ ಚಿತ್ರದ ನೆಪದಲ್ಲಿ ಹಳೆಯ ಪುಸ್ತಕಗಳ ಧೂಳು ಕೊಡವಿದೆವು, ಕೆಲವು ಹೊಸ ವರದಿಗಳನ್ನೂ ತರಿಸಿ ಓದಿದೆವು.

ಮೊದಲು ನಮ್ಮ ಕಾಲಡಿಯನ್ನು ನೋಡೋಣ. ಮೇಲೆ ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆ ಅಥವಾ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ನಮ್ಮ ರಾಜ್ಯದ ಬಹುಭಾಗದ ಅಡಿಯಲ್ಲಿರುವ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ತೆರೆದ ಬಾವಿಯ ನೀರು ಮೇಲಿನ ಕೊಳೆತ ಪದರದ್ದು. ಕೊಳವೆಬಾವಿಯ ನೀರು ಗಟ್ಟಿ ಬಂಡೆಯ ಬಿರುಕುಗಳದ್ದು. ಬಂಡೆಯ ಮೈ ನೀರು ಕುಡಿಯುವುದಿಲ್ಲ, ನೀರು ಇರುವುದೂ ಓಡುವುದೂ ಬಿರುಕಿನಲ್ಲಿ ಮಾತ್ರ. ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕು ಕಡಿಮೆ, ಇರುವ ಬಿರುಕೂ ಮೇಲಿನ ಭಾರಕ್ಕೆ ಬಿಗಿದುಕೊಂಡಿರುತ್ತದೆ.

2016ರ ಬೇಸಿಗೆಯಲ್ಲಿ ನಮ್ಮ ಸ್ವಂತ ತೋಟದಲ್ಲಿ ನಡೆದದ್ದನ್ನು ಮುಚ್ಚಿಡುವುದಿಲ್ಲ. ಹೂಮಳೆ ಕೈಕೊಟ್ಟಿತ್ತು, ಕೆರೆ ತಳ ಕಂಡಿತ್ತು. ಆಗಲೂ ಒಬ್ಬರು ಯಂತ್ರ ತಂದು ಕಾಗದದ ಮೇಲೆ ಗೆರೆ ತೆಗೆದುಕೊಟ್ಟರು. ಅವರು ತೋರಿಸಿದ ಜಾಗದಲ್ಲಿ 610 ಅಡಿ ಕೊರೆಸಿದೆವು, ಧೂಳು ಬಿಟ್ಟು ಬೇರೇನೂ ಬರಲಿಲ್ಲ. ರಿಗ್ ಲಾರಿ ಹಿಂದೆ ತಿರುಗಿಸಲು ಸುಲಭವೆಂದು ಅರವತ್ತು ಅಡಿ ಆಚೆ ನಿಲ್ಲಿಸಿದ್ದಲ್ಲೇ ಎರಡನೆಯದನ್ನು ಕೊರೆಸಿದಾಗ 380 ಅಡಿಗೆ ಎರಡು ಇಂಚು ನೀರು ಸಿಕ್ಕಿತು. ಮನೆಯವರೆಲ್ಲ ಹಬ್ಬ ಮಾಡಿದೆವು. ಹದಿನೈದು ದಿನ ಪಂಪ್ ಓಡಿಸುವಷ್ಟರಲ್ಲಿ ಕೆಳಗಿನ ಮನೆಯವರ ತೆರೆದ ಬಾವಿಯ ನೀರು ಇಳಿಯಿತು. ಅವರು ಜಗಳಕ್ಕೆ ಬರಲಿಲ್ಲ, ಸುಮ್ಮನೆ ಬಂದು ಕೊಡ ತೋರಿಸಿದರು. ಅದು ಜಗಳಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಾಗಿತು. ಅಂದಿನಿಂದ ನಮ್ಮನ್ನು ಕಾಡಿದ ಪ್ರಶ್ನೆ ಒಂದೇ. ಅರವತ್ತು ಅಡಿ ಅಂತರದಲ್ಲಿ ಇಷ್ಟು ವ್ಯತ್ಯಾಸ ಮಾಡುವ ಬಂಡೆಯನ್ನು ಲೆಕ್ಕ ಹಾಕಿ ತಿಳಿಯಲು ಸಾಧ್ಯವೆ?

ಸಾಧ್ಯವೆಂದು ಪ್ರಯತ್ನಿಸುವ ವಿಜ್ಞಾನವೊಂದಿದೆ. ಬಿರುಕುಬಿಟ್ಟ ಬಂಡೆಯಲ್ಲಿ ಶಾಖ, ನೀರಿನ ಹರಿವು, ಒತ್ತಡ ಇವು ಮೂರನ್ನೂ ಒಟ್ಟಿಗೆ ಗಣಕಯಂತ್ರದಲ್ಲಿ ಲೆಕ್ಕ ಹಾಕುವ ವಿಜ್ಞಾನ ಅದು. ಮೂರು ಯಾಕೆ ಒಟ್ಟಿಗೆ ಎಂಬುದನ್ನು ನಮ್ಮ ಬಯಲುಸೀಮೆಯ ಕಲ್ಲುಕುಟಿಗರು ಯಾವ ಪುಸ್ತಕವೂ ಇಲ್ಲದೆ ಬಲ್ಲವರಾಗಿದ್ದರು. ಅವರು ಹಾಸುಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಆ ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತಾ ಚಪ್ಪಡಿ ಎಬ್ಬಿಸುತ್ತಿದ್ದರು. ಕಾಯ್ದ ಮೇಲ್ಪದರ ಹಿಗ್ಗಲು ನೋಡುತ್ತದೆ, ತಣ್ಣಗಿರುವ ಕೆಳಗಿನ ಬಂಡೆ ಬಿಡುವುದಿಲ್ಲ. ಆ ಎಳೆದಾಟದಲ್ಲಿ ಪದರ ಬಿಟ್ಟುಕೊಳ್ಳುತ್ತದೆ. ಶಾಖ ಒತ್ತಡವಾಗುತ್ತದೆ, ಒತ್ತಡ ಬಿರುಕಾಗುತ್ತದೆ. ಬಿರುಕು ಬಿಟ್ಟಲ್ಲಿ ನೀರು ಇಳಿಯುತ್ತದೆ. ಇಳಿದ ನೀರು ಶಾಖವನ್ನು ಹೊತ್ತೊಯ್ಯುತ್ತದೆ, ತನ್ನ ಒತ್ತಡದಿಂದ ಬಿರುಕಿನ ಎರಡು ಮುಖಗಳನ್ನು ದೂರ ತಳ್ಳುತ್ತದೆ. ಒಂದನ್ನು ಮುಟ್ಟಿದರೆ ಮೂರೂ ಅಲುಗುತ್ತವೆ.

ಮೂರಕ್ಕೂ ಬೇರೆ ಬೇರೆಯಾಗಿ ನಿಯಮಗಳು ಹಳೆಯ ಕಾಲದಿಂದ ಇವೆ. ಶಾಖ ಬಿಸಿ ಕಡೆಯಿಂದ ತಂಪಿನ ಕಡೆಗೆ ಹೇಗೆ ಹರಿಯುತ್ತದೆ ಎಂಬುದನ್ನು ಫ್ರಾನ್ಸಿನ ಫೂರಿಯೇ 1822ರಲ್ಲಿ ಬರೆದಿಟ್ಟರು. ಮರಳಿನಲ್ಲಿ ನೀರು ಇಳಿಯುವ ನಿಯಮವನ್ನು ದೀಜೋನ್ ಊರಿಗೆ ನೀರು ಒದಗಿಸಿದ ಎಂಜಿನಿಯರ್ ಡಾರ್ಸಿ 1856ರಲ್ಲಿ ಪ್ರಕಟಿಸಿದರು. ನೀರು ತುಂಬಿದ ಮಣ್ಣಿನಲ್ಲಿ ನೀರಿನ ಒತ್ತಡವೂ ಮಣ್ಣಿನ ಒತ್ತಡವೂ ಹೇಗೆ ಹೊಂದಿಕೊಂಡಿವೆ ಎಂಬುದನ್ನು 1941ರಲ್ಲಿ ಬಿಯೋ ಎಂಬುವರು ಸಮೀಕರಣದಲ್ಲಿ ಕೂಡಿಸಿದರು. ಗಣಕಯಂತ್ರ ಮಾಡುವ ಕೆಲಸ ಇವನ್ನೆಲ್ಲ ಒಂದೇ ಜಾಗಕ್ಕೆ ಅನ್ವಯಿಸುವುದು. ಗದ್ದೆಗೆ ಬದು ಹಾಕಿ ಮಡಿ ಮಾಡಿದಂತೆ ಇಡೀ ಬೆಟ್ಟವನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ವಿಂಗಡಿಸುತ್ತದೆ. ಪ್ರತಿಯೊಂದು ತುಂಡಿನ ಶಾಖ, ನೀರು, ಒತ್ತಡ ಎಷ್ಟೆಂದು ಬರೆದುಕೊಂಡು, ಪಕ್ಕದ ತುಂಡಿಗೆ ಎಷ್ಟು ಹೋಯಿತು, ಪಕ್ಕದಿಂದ ಎಷ್ಟು ಬಂತು ಎಂದು ಲೆಕ್ಕ ಮಾಡುತ್ತಾ ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ತಳ್ಳುತ್ತದೆ. ನಮ್ಮ ಗುಮಾಸ್ತರು ದಿನಚರಿ ಪುಸ್ತಕದಿಂದ ಖಾತೆಗೆ ಏರಿಸುವ ಕೆಲಸವೇ ಇದು. ಆದರೆ ಅವರು ಜೀವಮಾನವಿಡೀ ಮಾಡಿದರೂ ಮುಗಿಯದಷ್ಟನ್ನು ಅದು ಒಂದು ರಾತ್ರಿಯಲ್ಲಿ ಮಾಡುತ್ತದೆ.

ಕಷ್ಟವಿರುವುದು ಬಿರುಕನ್ನು ಬರೆದುಕೊಳ್ಳುವುದರಲ್ಲಿ. ಕೊಳವೆಬಾವಿ ಕೊರೆದ ದಿನ ತಗಡಿನ ಕಚ್ಚಿನಲ್ಲಿ ನೀರು ಹರಿಸಿ ಒಂದು ಇಂಚು, ಎರಡು ಇಂಚು ಎಂದು ಹೇಳುವುದನ್ನು ಎಲ್ಲರೂ ಕಂಡಿದ್ದೀರಿ. ಎರಡು ಇಂಚು ಎಂದರೆ ಒಂದು ಇಂಚಿನ ಎರಡರಷ್ಟು ಎಂದು ಬಹಳ ಜನ ತಿಳಿದಿದ್ದಾರೆ. ಆ ಮೂಲೆಗಚ್ಚಿನ ಲೆಕ್ಕ ಹಾಗಿಲ್ಲ. ಎರಡು ಇಂಚಿನ ನೀರು ಒಂದು ಇಂಚಿನದಕ್ಕಿಂತ ಐದೂವರೆ ಪಟ್ಟಿಗೂ ಹೆಚ್ಚು. ಬಂಡೆಯ ಬಿರುಕಿನ ಲೆಕ್ಕ ಇದಕ್ಕೂ ಕಠಿಣ. ಬಿರುಕಿನ ಅಗಲ ಎರಡರಷ್ಟಾದರೆ ಹರಿಯುವ ನೀರು ಎಂಟರಷ್ಟು, ಅಗಲ ಅರ್ಧವಾದರೆ ನೀರು ಎಂಟನೆಯ ಒಂದು ಪಾಲು. ಇದಕ್ಕೆ ಘನನಿಯಮ ಎನ್ನುತ್ತಾರೆ. 1980ರಲ್ಲಿ ಅಮೆರಿಕದ ವಿದರ್‌ಸ್ಪೂನ್ ಮತ್ತು ಸಂಗಡಿಗರು ಕಲ್ಲಿನ ಸೀಳುಗಳನ್ನು ಯಂತ್ರದಲ್ಲಿ ಒತ್ತಿ ಹಿಡಿದು ಇದನ್ನು ಪರೀಕ್ಷಿಸಿದರು. ಇಲ್ಲಿ ಅಗಲವೆಂದರೆ ಕೂದಲೆಳೆಯ ಲೆಕ್ಕ. ಅಳತೆಯಲ್ಲಿ ಕೂದಲೆಳೆ ತಪ್ಪಿದರೆ ಉತ್ತರದಲ್ಲಿ ಹಳ್ಳವೇ ತಪ್ಪುತ್ತದೆ.

ಜೊತೆಗೆ, ಎಲ್ಲ ಬಿರುಕುಗಳನ್ನೂ ಕಂಡವರು ಯಾರೂ ಇಲ್ಲ. ಆದ್ದರಿಂದ ಲೆಕ್ಕದವರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ಇಡೀ ಬಂಡೆಯನ್ನು ಒಂದು ಸ್ಪಂಜಿನಂತೆ ಭಾವಿಸಿ ಸರಾಸರಿ ತೆಗೆಯುತ್ತಾರೆ. ಇನ್ನು ಕೆಲವರು ಕಂಡ ಬಿರುಕುಗಳ ಉದ್ದ, ದಿಕ್ಕು, ದಟ್ಟಣೆ ನೋಡಿಕೊಂಡು ಕಾಣದವನ್ನು ಕವಡೆ ಹಾಕಿದಂತೆ ಸಂಭವದ ಲೆಕ್ಕದಲ್ಲಿ ಬಿಡಿಸುತ್ತಾರೆ. ಒಂದು ಸಲವಲ್ಲ, ನೂರಾರು ಸಲ. ಹಾಗೆ ಮಾಡಿದಾಗ ಬರುವ ಉತ್ತರವೂ ಒಂದಲ್ಲ, ನೂರಾರು. ಪ್ರಾಮಾಣಿಕರಾದವರು "ಇಷ್ಟರಿಂದ ಇಷ್ಟರೊಳಗೆ" ಎಂದು ಹೇಳುತ್ತಾರೆ. ನಮಗೆ ತೋರಿಸಿದ್ದು ಒಂದೇ ಚಿತ್ರ, ಒಂದೇ ನೀಲಿ ಗೆರೆ.

ಈ ಲೆಕ್ಕ ಜಗತ್ತಿನಲ್ಲಿ ಬೆಳೆದದ್ದು ನೀರಾವರಿಗಾಗಿ ಅಲ್ಲ. ಅಣುವಿದ್ಯುತ್ ಸ್ಥಾವರಗಳಲ್ಲಿ ಉರಿದುಳಿದ ಇಂಧನ ಬಹುಕಾಲ ಬಿಸಿಯಾಗಿಯೂ ಅಪಾಯಕಾರಿಯಾಗಿಯೂ ಇರುತ್ತದೆ. ಅದನ್ನು ಗಟ್ಟಿ ಬಂಡೆಯ ಆಳದಲ್ಲಿ ಹೂಳಬೇಕೆಂದು ಹಲವು ದೇಶಗಳು ಯೋಚಿಸಿದವು. ಫಿನ್ಲೆಂಡಿನ ಒಲ್ಕಿಲುವೊಟೊ ಎಂಬಲ್ಲಿ 2004ರಲ್ಲಿ ಅದಕ್ಕಾಗಿ ಸುರಂಗ ಅಗೆಯಲು ತೊಡಗಿ 400 ಮೀಟರಿಗೂ ಆಳಕ್ಕೆ ಇಳಿದರು. ತಾಮ್ರದ ಡಬ್ಬಿಗಳಲ್ಲಿ ಇಂಧನ ತುಂಬಿ, ಸುತ್ತ ನೀರು ಕುಡಿದರೆ ಉಬ್ಬುವ ಜೇಡಿಮಣ್ಣು ಮೆತ್ತಿ ಇಡುವ ಯೋಜನೆ ಅದು. ಆ ಮಣ್ಣಿನ ಶಾಖ 100 ಡಿಗ್ರಿ ಮೀರಬಾರದು. ಮೀರದಂತೆ ಡಬ್ಬಿಗಳ ನಡುವೆ ಎಷ್ಟು ಅಂತರ ಬಿಡಬೇಕೆಂಬುದನ್ನು ಲೆಕ್ಕದಿಂದಲೇ ತೀರ್ಮಾನಿಸಬೇಕು. ನಾವು ಅಡಿಕೆ ಸಸಿಗೆ ಅಂತರ ಬಿಟ್ಟು ತಪ್ಪಾದರೆ ಹತ್ತು ವರ್ಷದಲ್ಲಿ ತಿಳಿಯುತ್ತದೆ. ಅಲ್ಲಿ ಸಾವಿರಾರು ವರ್ಷಗಳ ಮಾತು, ಕಾದು ನೋಡುವಂತಿಲ್ಲ. ಹೀಗಾಗಿ ಗಣಕಯಂತ್ರದ ಲೆಕ್ಕವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದಿಲ್ಲದೆ ಇಂಥ ಕೆಲಸಗಳು ಸಾಗುವುದಿಲ್ಲ.

ಆದರೆ ಅಷ್ಟು ಬಲ್ಲವರು ಮೊದಲು ಏನು ಮಾಡಿದರು ನೋಡಿ. ಸ್ವೀಡನ್ನಿನ ಸ್ಟ್ರಿಪಾ ಎಂಬಲ್ಲಿ ಒಂದು ಹಳೆಯ ಕಬ್ಬಿಣದ ಗಣಿ ಇತ್ತು. 1970ರ ದಶಕದ ಕೊನೆಯಲ್ಲಿ ಅದರೊಳಗೆ ಸುಮಾರು 340 ಮೀಟರ್ ಆಳದ ಗ್ರಾನೈಟ್ ಬಂಡೆಯಲ್ಲಿ ರಂಧ್ರ ಕೊರೆದು ವಿದ್ಯುತ್ ಹೀಟರುಗಳನ್ನು ಇಳಿಸಿದರು. ಸುತ್ತ ಉಷ್ಣಮಾಪಕ, ಬಂಡೆಯ ಚಲನೆ ಅಳೆಯುವ ಉಪಕರಣ ಎಲ್ಲ ಜೋಡಿಸಿದರು. ಲೆಕ್ಕವನ್ನು ಮೊದಲೇ ಹಾಕಿಟ್ಟು, ಆಮೇಲೆ ಅಳತೆಯೊಂದಿಗೆ ಹೋಲಿಸಿದರು. ಶಾಖದ ಲೆಕ್ಕ ಚೆನ್ನಾಗಿ ಹೊಂದಿತು. ಬಿರುಕಿರಲಿ ಬಿಡಲಿ, ಶಾಖ ಬಂಡೆಯ ಮೈಯಲ್ಲೇ ಹರಿದು ಹೋಗುವುದರಿಂದ ಅದು ಸುಲಭ. ಬಂಡೆಯ ಹಿಗ್ಗುವಿಕೆ ಲೆಕ್ಕ ಹೇಳಿದ್ದಕ್ಕಿಂತ ಕಡಿಮೆ ಬಂತು. ಹಿಗ್ಗಿದ ಬಂಡೆ ಮೊದಲು ತನ್ನ ಬಿರುಕುಗಳನ್ನೇ ಮುಚ್ಚಿಕೊಂಡಿತ್ತು. ಮುಂದಿನ ವರ್ಷಗಳಲ್ಲಿ ಅದೇ ಗಣಿಯಲ್ಲಿ ನೀರಿನ ಪರೀಕ್ಷೆ ಮಾಡಿದರು. ಸುರಂಗದ ಚಾವಣಿಗೆಲ್ಲ ಹಾಳೆ ಕಟ್ಟಿ ಜಿನುಗುವ ನೀರು ಹಿಡಿದಾಗ, ಬಹುಪಾಲು ನೀರು ಅತಿ ಸಣ್ಣ ಜಾಗಗಳಿಂದ ಬರುತ್ತಿದ್ದುದು ಕಂಡಿತು. ಒಂದೇ ಬಿರುಕಿನಲ್ಲೂ ಎಲ್ಲ ಕಡೆ ನೀರು ಓಡುವುದಿಲ್ಲ, ತನ್ನದೇ ಕಾಲುವೆ ಹಿಡಿದು ಓಡುತ್ತದೆ. ಹೀಗೆ ಮೂರರಲ್ಲಿ ಶಾಖ ಸುಲಭ, ಒತ್ತಡ ಕಷ್ಟ, ನೀರು ಎಲ್ಲಕ್ಕಿಂತ ಕಷ್ಟ. ನಮಗೆ ಬೇಕಾದದ್ದು ಆ ಮೂರನೆಯದೇ.

ಇಂಥ ಪರೀಕ್ಷೆ ನಮ್ಮ ರಾಜ್ಯದಲ್ಲೂ ನಡೆದಿದೆ ಎಂಬುದು ಹೆಚ್ಚಿನವರಿಗೆ ತಿಳಿದಿರಲಾರದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಮೀರಿತ್ತು, ಒತ್ತಡ ತಾಳದೆ ಬಂಡೆ ಸಿಡಿದು ಕಾರ್ಮಿಕರು ಸತ್ತ ಘಟನೆಗಳು ಅದರ ಚರಿತ್ರೆಯ ತುಂಬ ಇವೆ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಅದರ ಕೆಲಸ ನಿಂತಿದ್ದ ಒಂದು ಭಾಗದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಬಂಡೆಗೆ ಹೀಟರ್ ಇಟ್ಟು ಹಲವು ವರ್ಷ ಅಳತೆ ಮಾಡಿದರು. ಅಮೆರಿಕದ ಯಕ್ಕಾ ಬೆಟ್ಟದಲ್ಲಿ 1997ರ ಡಿಸೆಂಬರಿನಿಂದ 2002ರ ಜನವರಿಯವರೆಗೆ ಒಂದು ಸುರಂಗವನ್ನೇ ಕಾಯಿಸಿ ಗೋಡೆಯ ಶಾಖವನ್ನು ಸುಮಾರು 200 ಡಿಗ್ರಿಗೆ ಏರಿಸಿ ನೋಡಿದರು. 1992ರಿಂದ ಹಲವು ದೇಶಗಳ ತಂಡಗಳು ಡೆಕೊವಾಲೆಕ್ಸ್ ಎಂಬ ಯೋಜನೆಯಲ್ಲಿ ಸೇರಿ ಒಂದೇ ಪರೀಕ್ಷೆಯನ್ನು ತಮ್ಮ ತಮ್ಮ ಲೆಕ್ಕದಿಂದ ಬಿಡಿಸಿ ಒಬ್ಬರ ಉತ್ತರವನ್ನು ಇನ್ನೊಬ್ಬರದರೊಂದಿಗೂ ಅಳತೆಯೊಂದಿಗೂ ಹೋಲಿಸುತ್ತಾ ಬಂದಿವೆ. ಪರೀಕ್ಷೆಯ ಫಲ ನೋಡುವ ಮುನ್ನವೇ ಉತ್ತರ ಬರೆದುಕೊಡುವುದೂ ಅದರಲ್ಲಿ ಉಂಟು. ಶಾಲಾ ಮಕ್ಕಳಂತೆ ಪರೀಕ್ಷೆಗೆ ಕೂರಲು ದೊಡ್ಡ ವಿಜ್ಞಾನಿಗಳಿಗೆ ನಾಚಿಕೆಯಾಗಲಿಲ್ಲ. ನಮ್ಮಲ್ಲಿಗೆ ಬಂದವರು ಒಂದು ಬಾವಿ ಅಳೆಯಲೂ ಪುರುಸೊತ್ತಿಲ್ಲ ಎಂದರು.

ಕಾಣದ ಬಿರುಕನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ತೋಟಗಳು ಮನೆಗಳ ಸಮೇತ ಜಾರಿದ್ದನ್ನು ಕಂಡ ನಮಗೆ ಕಾರಣ ಹೇಳಿಕೊಡಬೇಕಿಲ್ಲ. ಮಣ್ಣಿನೊಳಗೆ ಇಂಗಿದ ನೀರು ತನ್ನ ಒತ್ತಡದಿಂದ ಹಿಡಿತ ಸಡಿಲಿಸುತ್ತದೆ. ಆಳದ ಬಂಡೆಯಲ್ಲೂ ಇದೇ ನಡೆಯುತ್ತದೆ. ನಮ್ಮದೇ ಸಹ್ಯಾದ್ರಿಯ ಸಾಲಿನಲ್ಲಿ, ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಲ್ಲಿ 1962ರಲ್ಲಿ ನೀರು ನಿಲ್ಲಿಸಿದರು. 1967ರ ಡಿಸೆಂಬರಿನಲ್ಲಿ ಅಲ್ಲಿ 6.3 ತೀವ್ರತೆಯ ಭೂಕಂಪವಾಗಿ ಬಹಳ ಜನ ಸತ್ತರು. ಆಳದ ಬಿರುಕುಗಳಿಗೆ ಇಳಿದ ನೀರಿನ ಒತ್ತಡ ಮತ್ತು ಜಲಾಶಯದ ಭಾರ ಅದಕ್ಕೆ ಪ್ರಚೋದನೆ ಎಂದು ವಿಜ್ಞಾನಿಗಳು ಅಂದಿನಿಂದ ಅಭ್ಯಾಸ ಮಾಡುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಭೂಮಿಯ ಶಾಖದಿಂದ ವಿದ್ಯುತ್ ತೆಗೆಯಲೆಂದು ಸುಮಾರು 5 ಕಿಲೋಮೀಟರ್ ಆಳಕ್ಕೆ ಒತ್ತಡದಲ್ಲಿ ನೀರು ನುಗ್ಗಿಸಿದರು. 2006ರ ಡಿಸೆಂಬರ್ 8ರಂದು 3.4 ತೀವ್ರತೆಯ ಕಂಪನವಾಗಿ ನಗರ ನಡುಗಿತು, ಯೋಜನೆ ನಿಂತಿತು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಇಂಥದೇ ಕೆಲಸ ನಡೆಯುತ್ತಿದ್ದ ಜಾಗದ ಬಳಿ 2017ರ ನವೆಂಬರ್ 15ರಂದು ಸುಮಾರು 5.5 ತೀವ್ರತೆಯ ಭೂಕಂಪವಾಯಿತು. ನುಗ್ಗಿಸಿದ ನೀರಿನ ಪ್ರಮಾಣ ನೋಡಿ ಊಹಿಸಬಹುದಾಗಿದ್ದಕ್ಕಿಂತ ಅದು ಬಹಳ ದೊಡ್ಡದು. 2019ರಲ್ಲಿ ತಜ್ಞರ ಆಯೋಗ ಕಾರಣ ಹೇಳಿತು: ಆಳದಲ್ಲಿ ಮೊದಲು ಗುರುತಿಸದಿದ್ದ ಒಂದು ದೊಡ್ಡ ಸೀಳು ಇತ್ತು, ಅದು ಜಾರಲು ತಯಾರಾಗಿ ನಿಂತಿತ್ತು, ನೀರಿನ ಒತ್ತಡ ಅದಕ್ಕೆ ತಾಗಿತು. ಲೆಕ್ಕಕ್ಕೆ ಕೊಡದ ಬಿರುಕನ್ನು ಲೆಕ್ಕ ಹೇಗೆ ತಾನೇ ಹೇಳೀತು?

ನಮ್ಮ ಕೊಳವೆಬಾವಿಗಳಿಂದ ಭೂಕಂಪವಾದೀತೆಂದು ಯಾರೂ ಹೆದರಬೇಕಿಲ್ಲ. ಅಲ್ಲಿಯ ಆಳ, ಒತ್ತಡಗಳೇ ಬೇರೆ. ಆದರೆ ಪಾಠ ಒಂದೇ. ಬಿರುಕುಬಿಟ್ಟ ಬಂಡೆಯ ವಿಷಯದಲ್ಲಿ ಗಣಕಯಂತ್ರ ತಾನಾಗಿ ಏನನ್ನೂ ಕಂಡುಹಿಡಿಯುವುದಿಲ್ಲ. ಅಳೆದು ಕೊಟ್ಟದ್ದನ್ನು ಹಿಗ್ಗಿಸಿ, ಕೂಡಿಸಿ, ಮುಂದಿನ ಕಾಲಕ್ಕೆ ಕೊಂಡೊಯ್ದು ತೋರಿಸುತ್ತದೆ. ಅಳತೆಯಿದ್ದರೆ ಅದು ಬಹಳ ಉಪಕಾರಿ. ಅಳತೆಯಿಲ್ಲದಿದ್ದರೆ ಬಣ್ಣ ಬಳಿದ ಊಹೆ. ಇದು ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ನಮ್ಮಲ್ಲಿ ಅಳತೆ ಎಲ್ಲಿದೆ? ಇಲ್ಲಿ ಸದಸ್ಯರಿಗೆ ಸ್ವಲ್ಪ ಕಹಿ ಮಾತು ಹೇಳಬೇಕಾಗಿದೆ. ನಮ್ಮ ಸಂಘದ ವ್ಯಾಪ್ತಿಯಲ್ಲಿ ಕೊರೆದ ಪ್ರತಿಯೊಂದು ಕೊಳವೆಬಾವಿಯೂ ಆ ಬಂಡೆಯೊಳಗೆ ತೆರೆದ ಒಂದು ಕಿಟಕಿ. ಸ್ವೀಡನ್ನಿನವರು ಕೋಟಿಗಟ್ಟಲೆ ಖರ್ಚು ಮಾಡಿ ಕೊರೆಸಿದ ರಂಧ್ರಗಳನ್ನು ನಾವು ಸಾಲ ಮಾಡಿ ಕೊರೆಸಿದ್ದೇವೆ. ಆದರೆ ಎಷ್ಟು ಅಡಿಗೆ ಗಟ್ಟಿ ಕಲ್ಲು ಸಿಕ್ಕಿತು, ಎಷ್ಟಕ್ಕೆ ಮೊದಲ ನೀರು ಬಂತು, ಎಲ್ಲಿ ಕೊರೆಯುವ ರಾಡು ತಟ್ಟನೆ ಕುಸಿಯಿತು ಎಂಬುದನ್ನು ಬರೆದಿಟ್ಟವರು ಎಷ್ಟು ಮಂದಿ? ಬರೆದಿದ್ದರೂ ಪಕ್ಕದವರಿಗೆ ಹೇಳಿದವರು ಎಷ್ಟು ಮಂದಿ? ನೀರು ಬಿದ್ದರೆ ಹೇಳುವುದಿಲ್ಲ, ಪಕ್ಕದವರೂ ಅಷ್ಟೇ ಆಳಕ್ಕೆ ಕೊರೆಸಿಯಾರೆಂದು ಭಯ. ಬೀಳದಿದ್ದರೆ ಹೇಳುವುದಿಲ್ಲ, ಮರ್ಯಾದೆ. ನಮ್ಮದೇ 610 ಅಡಿಯ ಒಣ ರಂಧ್ರದ ಸುದ್ದಿಯನ್ನು ನಾವು ಇಂದಿನವರೆಗೆ ಅಚ್ಚಿನಲ್ಲಿ ಹೇಳಿರಲಿಲ್ಲ.

"ಕಾರ್ಯದರ್ಶಿಗಳೇ, ಬೇಸಿಗೆ ತಲೆ ಮೇಲಿದೆ, ನೀವು ಅಳತೆ ಗಿಳತೆ ಅಂತೀರಲ್ಲ" ಎಂದು ಕೇಳುವವರಿದ್ದಾರೆ. ಅವರ ಕಷ್ಟ ನಮಗೂ ಗೊತ್ತು. ಒಣಗುವ ತೋಟವನ್ನು ನೋಡುತ್ತಾ ಕೂರುವುದು ಎಂಥ ಸಂಕಟವೆಂದು 2016ರಲ್ಲಿ ಅನುಭವಿಸಿದ್ದೇವೆ. ಆದರೆ ಅಂದು ಅವಸರದಲ್ಲಿ ಕೊರೆಸಿದ ಒಣ ರಂಧ್ರದ ಸಾಲ ತೀರಿಸಲು ನಮಗೆ ಮೂರು ಫಸಲು ಬೇಕಾದವು. ಅವಸರದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ಕೆಲವರು, ಬಾವಿಯ ವಿವರ ಬರೆದುಕೊಟ್ಟರೆ ಅದು ನಾಳೆ ಯಾರ ಕೈ ಸೇರುತ್ತದೋ ಎನ್ನುತ್ತಾರೆ. ಪುಸ್ತಕ ಸಂಘದ ಕಪಾಟಿನಲ್ಲಿ, ಸಾಲದ ಖಾತೆಗಳ ಜೊತೆಯಲ್ಲೇ ಇರುತ್ತದೆ. ಮಹಾಸಭೆಯ ಒಪ್ಪಿಗೆ ಇಲ್ಲದೆ ಹೊರಗೆ ಹೋಗುವುದಿಲ್ಲ. ಸಾಲದ ವಿಷಯದಲ್ಲಿ ಸಂಘವನ್ನು ನಂಬಿದವರು ನೀರಿನ ವಿಷಯದಲ್ಲೂ ನಂಬಬೇಕೆಂದು ವಿನಂತಿ.

ಆದ್ದರಿಂದ ಮಹಾಸಭೆಯ ಮುಂದೆ ನಾವು ಇಡುವ ಸಲಹೆ ಹೀಗಿದೆ. ಚಿತ್ರಕ್ಕೆ ಕೇಳಿದ ಹಣವನ್ನು ಈಗ ಕೊಡುವುದು ಬೇಡ. ಅದರ ಒಂದು ಸಣ್ಣ ಪಾಲಿನಲ್ಲಿ ಪ್ರತಿ ಗ್ರಾಮಕ್ಕೆ ಒಂದರಂತೆ ನೀರಿನ ಮಟ್ಟ ಅಳೆಯುವ ಟೇಪು ತರೋಣ. ನೀರು ಮುಟ್ಟಿದ ಕೂಡಲೇ ಸದ್ದು ಮಾಡುವ ಟೇಪುಗಳು ಸಿಗುತ್ತವೆ. ತೆರೆದ ಬಾವಿಗಾದರೆ ಅಡಿಗೊಂದು ಗಂಟು ಹಾಕಿದ ಹಗ್ಗ, ತುದಿಗೆ ಒಂದು ಕಲ್ಲು ಸಾಕು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಪಂಪ್ ಚಾಲೂ ಮಾಡುವ ಮುನ್ನ, ಅಳೆದು ಬರೆಯಬೇಕು. ಹೊಸದಾಗಿ ಪಂಪ್ ಇಳಿಸುವವರು ಅದರ ಜೊತೆಯಲ್ಲೇ ಒಂದು ಸಪುರ ಪೈಪನ್ನೂ ಇಳಿಸಿಕೊಂಡರೆ ಟೇಪು ಕೇಬಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಹೊಸ ಬಾವಿ ಕೊರೆಸುವವರು ಕೇಸಿಂಗ್ ಎಷ್ಟು ಅಡಿ, ನೀರು ಸಿಕ್ಕ ಪ್ರತಿಯೊಂದು ಆಳ, ಮೇಲೆ ಬಂದ ಪುಡಿಯ ಬಣ್ಣ, ಕೊನೆಯಲ್ಲಿ ಕಚ್ಚಿನ ಇಂಚು ಇಷ್ಟನ್ನು ಬರೆದುಕೊಡಬೇಕು. ಒಣ ಬಾವಿಯನ್ನೂ ತಪ್ಪದೆ ಬರೆಯಬೇಕು. ಬಿರುಕಿಲ್ಲದ ಜಾಗ ಯಾವುದೆಂದು ತಿಳಿಯುವುದು ಬಿರುಕಿರುವ ಜಾಗ ತಿಳಿದಷ್ಟೇ ಬೆಲೆಯುಳ್ಳದ್ದು. ಒಬ್ಬರು ಪಂಪ್ ಓಡಿಸಿದ ದಿನ ಅಕ್ಕಪಕ್ಕದ ಬಾವಿಗಳು ಎಷ್ಟು ಇಳಿದವೆಂದು ಅಳೆದರೆ, ಯಾರ ಬಿರುಕು ಯಾರ ಬಿರುಕಿಗೆ ಸೇರಿದೆ ಎಂಬುದು ಯಾವ ಉಪಗ್ರಹಕ್ಕೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಎರಡು ಮಳೆಗಾಲ, ಎರಡು ಬೇಸಿಗೆ ಹೀಗೆ ಬರೆದರೆ ನಮ್ಮ ಕೈಯಲ್ಲಿ ಒಂದು ಪುಸ್ತಕವಿರುತ್ತದೆ. ಆಗ ಗಣಕಯಂತ್ರದವರನ್ನು ನಾವೇ ಕರೆಯೋಣ. ಪುಸ್ತಕದ ಅರ್ಧ ಬಾವಿಗಳ ಅಳತೆಯನ್ನು ಅವರಿಗೆ ಕೊಡೋಣ, ಉಳಿದರ್ಧವನ್ನು ಮುಚ್ಚಿಟ್ಟುಕೊಂಡು "ಇವುಗಳಲ್ಲಿ ಏಪ್ರಿಲ್ ತಿಂಗಳ ಮಟ್ಟ ಎಷ್ಟೆಂದು ಬರೆದುಕೊಡಿ" ಎಂದು ಕೇಳೋಣ. ಹತ್ತಿರ ಹೇಳಿದವರಿಗೆ ಸಂತೋಷದಿಂದ ಹಣ ಕೊಡೋಣ. ದೊಡ್ಡ ದೇಶಗಳ ವಿಜ್ಞಾನಿಗಳು ಒಪ್ಪಿಕೊಂಡ ಪರೀಕ್ಷೆಯನ್ನು ನಮ್ಮ ಮುಂದೆ ಬರುವವರೂ ಒಪ್ಪಿಕೊಳ್ಳಲಿ.

ಕೆಳಗಿನ ಮನೆಯವರು ಅಂದು ಖಾಲಿ ಕೊಡ ತೋರಿಸಿದ ಮೇಲೆ ನಾವು ಪಂಪ್ ಓಡಿಸುವ ಹೊತ್ತನ್ನು ಅರ್ಧಕ್ಕೆ ಇಳಿಸಿದೆವು. ಹತ್ತು ದಿನದಲ್ಲಿ ಅವರ ಬಾವಿಗೆ ಎರಡು ಅಡಿ ನೀರು ಮರಳಿತು. ಆ ಎರಡು ಅಡಿಯನ್ನು ಅಳೆದವರು ಅವರ ಮನೆಯ ಹೆಣ್ಣುಮಗಳು, ಬಾವಿಗೆ ಇಳಿಬಿಟ್ಟ ಹಗ್ಗದಲ್ಲಿ ಗಂಟು ಎಣಿಸಿ. ನಮ್ಮಿಬ್ಬರ ಬಾವಿಯ ನಡುವಿನ ಬಂಡೆಯ ವಿಷಯದಲ್ಲಿ ನಮಗೆ ಇಂದಿಗೂ ತಿಳಿದಿರುವ ನಿಶ್ಚಿತವಾದ ಸಂಗತಿ ಅದೊಂದೇ. ಮಹಾಸಭೆಗೆ ಬರುವಾಗ ಸದಸ್ಯರು ತಮ್ಮ ಬಾವಿಯ ಆಳ ಮತ್ತು ಇಂದಿನ ನೀರಿನ ಮಟ್ಟವನ್ನು ಒಂದು ಚೀಟಿಯಲ್ಲಿ ಬರೆದು ತರಬೇಕೆಂದು ಕೋರುತ್ತೇವೆ. ಪುಸ್ತಕದ ಮೊದಲ ಪುಟದಲ್ಲಿ ನಮ್ಮ 610 ಅಡಿಯ ಒಣ ರಂಧ್ರವನ್ನು ಈಗಾಗಲೇ ಬರೆದಿದ್ದೇವೆ.

— ಕಾರ್ಯದರ್ಶಿ